ಗಾಜಿನ ಭರಣಿಯಲ್ಲೊಂದು ಮಲೆನಾಡು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ: ತುಮಕೂರು ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳ ಜನರಿಗೆ ನೀರಿನ ಬೆಲೆಯನ್ನು ಯಾರೂ ಕಲಿಸಿಕೊಡಬೇಕಾಗಿಲ್ಲ. ಕಡಲೆಕಾಯಿ ಬಿತ್ತಿದ ರೈತನು ಮುಗಿಲನ್ನು ನೋಡುತ್ತ ಕುಳಿತಿರುತ್ತಾನೆ. ಮಳೆಗಾಲದಲ್ಲಿ ಹರಿಯುವ ಜಯಮಂಗಲಿಯು ಬೇಸಿಗೆಯಲ್ಲಿ ಬರಿಯ ಮರಳಿನ ಹಾಸಾಗುತ್ತದೆ. ಪಾವಗಡದ ಕಡೆಯಲ್ಲಿ ವರ್ಷವೆಲ್ಲ ಸೇರಿ ಬೀಳುವ ಮಳೆ ಸುಮಾರು 500ರಿಂದ 600 ಮಿಲಿಮೀಟರ್ ಮಾತ್ರ. ಇಂಥ ಸೀಮೆಯ ಮನೆಯೊಂದರಲ್ಲಿ, ಒಮ್ಮೆ ಒಂದು ಲೋಟ ನೀರನ್ನು ಕುಡಿದು ತಿಂಗಳುಗಟ್ಟಲೆ ಹಸುರಾಗಿರುವ ತೋಟವನ್ನು ಬೆಳೆಸಬಹುದೆಂದರೆ ವಾಚಕರು ನಂಬುವರೇ? ನಂಬಬೇಕೆಂದು ನಾವು ಹೇಳುವುದಿಲ್ಲ. ಮಾಡಿ ನೋಡಬೇಕೆಂದು ಹೇಳುತ್ತೇವೆ. ಮುಚ್ಚಳವುಳ್ಳ ಗಾಜಿನ ಭರಣಿಯೊಂದಿದ್ದರೆ ಸಾಕು. ಹೀಗೆ ಗಾಜಿನೊಳಗೆ ಬೆಳೆಸುವ ತೋಟಕ್ಕೆ ಟೆರೇರಿಯಂ ಎಂದು ಹೆಸರು.

ಆಕಸ್ಮಿಕದಿಂದ ಹುಟ್ಟಿದ ತೋಟ

ಇದರ ಕಥೆ ಲಂಡನ್ನಿನಲ್ಲಿ ಆರಂಭವಾಗುತ್ತದೆ. ನಥಾನಿಯಲ್ ಬ್ಯಾಗ್‌ಷಾ ವಾರ್ಡ್ ಎಂಬ ವೈದ್ಯನಿಗೆ ಜರೀಗಿಡಗಳೆಂದರೆ ಬಲು ಪ್ರೀತಿ. ಆದರೆ ಕಲ್ಲಿದ್ದಲ ಹೊಗೆಯಿಂದ ಕವಿದ ಆ ನಗರದಲ್ಲಿ ಅವು ಬದುಕುತ್ತಿರಲಿಲ್ಲ. 1829ರಲ್ಲಿ ಆತನು ಪತಂಗದ ಕೋಶವೊಂದನ್ನು ತೇವದ ಮಣ್ಣಿನೊಡನೆ ಶೀಶೆಯಲ್ಲಿಟ್ಟು ಮುಚ್ಚಿದನು. ಪತಂಗ ಹೊರಬರುವುದನ್ನು ನೋಡಬೇಕೆಂಬುದು ಆತನ ಉದ್ದೇಶವಾಗಿತ್ತು. ಆದರೆ ಆ ಮಣ್ಣಿನಲ್ಲಿ ಒಂದು ಜರೀಗಿಡವೂ ಒಂದು ಹುಲ್ಲೂ ತಾವಾಗಿ ಮೊಳೆತವು. ಅವಕ್ಕೆ ಒಂದು ಹನಿ ನೀರನ್ನೂ ಹಾಕದೆ ಇದ್ದರೂ ಸುಮಾರು ನಾಲ್ಕು ವರ್ಷ ಬದುಕಿದವು. ಕೊನೆಗೆ ಅವು ಸತ್ತದ್ದು ಬಾಯಾರಿಕೆಯಿಂದಲ್ಲ. ಮುಚ್ಚಳವು ತುಕ್ಕು ಹಿಡಿದು, ಮಳೆಯ ನೀರು ಒಳನುಗ್ಗಿ, ಅತಿಯಾದ ತೇವದಿಂದ ಸತ್ತವು. ಈ ಮಾತನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

1833ರಲ್ಲಿ ವಾರ್ಡನು ಗಾಜಿನ ಪೆಟ್ಟಿಗೆಗಳಲ್ಲಿ ಸಸ್ಯಗಳನ್ನು ಹಡಗಿನ ಮೂಲಕ ಆಸ್ಟ್ರೇಲಿಯಕ್ಕೆ ಕಳುಹಿಸಿದನು. ತಿಂಗಳುಗಳ ಪ್ರಯಾಣದ ತರುವಾಯವೂ ಅವು ಜೀವಂತವಾಗಿದ್ದವು. ಚೀನದ ಚಹಾ ಸಸಿಗಳು 19ನೆಯ ಶತಮಾನದ ಮಧ್ಯಭಾಗದಲ್ಲಿ ಹಿಮಾಲಯದ ತಪ್ಪಲಿಗೆ ಬಂದದ್ದು ಇಂಥ ಪೆಟ್ಟಿಗೆಗಳಲ್ಲಿಯೇ.

ಮುಚ್ಚಿದ ಭರಣಿಯ ಮರ್ಮ

ನೀರು ಹಾಕದೆ ಗಿಡ ಬದುಕುವುದು ಹೇಗೆ? ಬೇರು ಹೀರಿದ ನೀರಿನ ಬಹುಭಾಗವನ್ನು ಗಿಡವು ಎಲೆಗಳ ಮೂಲಕ ಆವಿಯಾಗಿ ಹೊರಬಿಡುತ್ತದೆ. ಇದಕ್ಕೆ ಬಾಷ್ಪವಿಸರ್ಜನೆ ಎನ್ನುತ್ತೇವೆ. ಬಯಲಿನಲ್ಲಿ ಆ ಆವಿಯನ್ನು ಗಾಳಿ ಹೊತ್ತೊಯ್ಯುತ್ತದೆ. ಭರಣಿಯಲ್ಲಿ ಅದಕ್ಕೆ ಹೋಗಲು ದಾರಿಯಿಲ್ಲ. ತಣ್ಣಗಿರುವ ಗಾಜನ್ನು ಮುಟ್ಟಿ ಹನಿಯಾಗಿ, ಹನಿಯು ಜಾರಿ ಮಣ್ಣಿಗಿಳಿದು, ಮತ್ತೆ ಬೇರನ್ನು ಸೇರುತ್ತದೆ. ನೀರು ಖರ್ಚಾಗುವುದಿಲ್ಲ, ಸುತ್ತುತ್ತಿರುತ್ತದೆ. ಅನಿಲಗಳ ವಿಷಯವೂ ಹೀಗೆಯೇ. ಹಗಲಿನಲ್ಲಿ ಎಲೆಯು ಇಂಗಾಲಾಮ್ಲವನ್ನು ಹೀರಿ ಆಮ್ಲಜನಕವನ್ನು ಬಿಡುತ್ತದೆ. ಗಿಡದ ಉಸಿರಾಟವೂ, ಉದುರಿದ ಎಲೆಯನ್ನು ಕೊಳೆಸುವ ಸೂಕ್ಷ್ಮಜೀವಿಗಳೂ ಇಂಗಾಲಾಮ್ಲವನ್ನು ಹಿಂದಿರುಗಿಸುತ್ತವೆ.

ಈ ಲೆಕ್ಕ ತಪ್ಪುವುದೂ ಉಂಟು. 1991ರಲ್ಲಿ ಅಮೆರಿಕದ ಅರಿಜೋನದಲ್ಲಿ 'ಬಯೋಸ್ಫಿಯರ್-2' ಎಂಬ ಬೃಹತ್ ಗಾಜಿನ ಮನೆಯೊಳಗೆ ಎಂಟು ಮಂದಿ ಎರಡು ವರ್ಷಗಳ ವಾಸಕ್ಕೆಂದು ಹೊಕ್ಕರು. ಗೊಬ್ಬರ ಹೆಚ್ಚಾಗಿದ್ದ ಮಣ್ಣಿನ ಸೂಕ್ಷ್ಮಜೀವಿಗಳು ಆಮ್ಲಜನಕವನ್ನು ಬಳಸಿದವು. ಅವು ಬಿಟ್ಟ ಇಂಗಾಲಾಮ್ಲದ ಒಂದು ಭಾಗವನ್ನು ಕಟ್ಟಡದ ಕಾಂಕ್ರೀಟು ಹೀರಿತು. ಗಾಳಿಯಲ್ಲಿ ಆಮ್ಲಜನಕವು ಶೇಕಡಾ 21ರಿಂದ ಸುಮಾರು 14ಕ್ಕೆ ಇಳಿದು, ಹೊರಗಿನಿಂದ ತುಂಬಬೇಕಾಯಿತು. ಆದುದರಿಂದ ನಮ್ಮ ಭರಣಿಗೆ ಹಸಿ ಗೊಬ್ಬರ ಬೇಡ.

ಭರಣಿಯ ಸಿದ್ಧತೆ

ಐದು ಲೀಟರು ಹಿಡಿಯುವ, ಬಾಯಿ ಅಗಲವಾದ ಭರಣಿಯನ್ನು ತೊಳೆದು ಒಣಗಿಸಿ. ತಳಕ್ಕೆ ಎರಡು ಮೂರು ಸೆಂಟಿಮೀಟರು ಸಣ್ಣ ಜಲ್ಲಿ ಅಥವಾ ಇಟ್ಟಿಗೆಯ ಚೂರು ಹಾಕಿರಿ. ಹೆಚ್ಚಾದ ನೀರು ಇಲ್ಲಿ ನಿಲ್ಲುತ್ತದೆ. ಅದರ ಮೇಲೆ ಕುಟ್ಟಿದ ಇದ್ದಲಿನ ತೆಳುವಾದ ಪದರ, ಅದರ ಮೇಲೆ ಮಣ್ಣು ಕೆಳಗಿಳಿಯದಂತೆ ತೆಂಗಿನ ನಾರಿನ ಹಾಸು. ಕೆಂಪುಮಣ್ಣು, ಮರಳು, ಚೆನ್ನಾಗಿ ತೊಳೆದ ತೆಂಗಿನ ನಾರಿನ ಪುಡಿ, ಇವುಗಳನ್ನು ಸಮಭಾಗವಾಗಿ ಬೆರೆಸಿ, ಹುಳುವಿನ ಮೊಟ್ಟೆಗಳೂ ಬೂಷ್ಟೂ ಸಾಯುವಂತೆ ಹಬೆಯಲ್ಲಿ ಬೇಯಿಸಿ, ಆರಿದ ಮೇಲೆ ಐದಾರು ಸೆಂಟಿಮೀಟರು ಎತ್ತರ ತುಂಬಿರಿ.

ಇನ್ನು ಗಿಡಗಳು. ಮಧುಗಿರಿಯ ಏಕಶಿಲಾ ಬೆಟ್ಟದ ಕಳ್ಳಿಯನ್ನಾಗಲಿ ಹಿತ್ತಿಲ ಲೋಳೆಸರವನ್ನಾಗಲಿ ಮುಚ್ಚಿದ ಭರಣಿಯಲ್ಲಿ ನೆಟ್ಟರೆ ವಾರಗಳಲ್ಲಿ ಕೊಳೆಯುತ್ತವೆ. ಅವು ಬರಕ್ಕೆ ಹೊಂದಿಕೊಂಡ ಗಿಡಗಳು. ತೆರೆದ ಬೋಗುಣಿ, ಹೆಚ್ಚು ಮರಳು, ಒಳ್ಳೆಯ ಬಿಸಿಲು ಅವಕ್ಕೆ ತಕ್ಕವು. ಮುಚ್ಚಿದ ಭರಣಿಯ ಒಳಗಿನ ಹವೆ ಮಲೆನಾಡಿನದು. ಅಲ್ಲಿಗೆ ನೆರಳು, ತೇವ ಬೇಡುವ ಗಿಡಗಳೇ ಆಗಬೇಕು. ನಮ್ಮ ಒಣ ಊರುಗಳಲ್ಲಿಯೂ ಅವು ಇಲ್ಲದಿಲ್ಲ. ಸೋರುವ ನೀರಿನ ಟ್ಯಾಂಕಿನ ಬುಡ, ಬಚ್ಚಲ ಹಿಂದಿನ ಗೋಡೆ, ಇಂಥ ಕಡೆ ಹಾವಸೆಯೂ ಎಳೆಯ ಜರೀಗಿಡಗಳೂ ಸಿಗುತ್ತವೆ. ಸಸ್ಯಾಲಯದಿಂದ ಫಿಟೋನಿಯ, ಪೆಪರೋಮಿಯ ತರಬಹುದು. ಆಳವಾದ ಬಾವಿಯ ಗೋಡೆಗೆ ಕೈಚಾಚುವ ಸಾಹಸ ಸಲ್ಲದು. ಕೊರಟಗೆರೆಯ ಸಿದ್ಧರಬೆಟ್ಟದಂಥ ಬೆಟ್ಟಗಳಿಂದ ಗಿಡ ಕೀಳುವುದೂ ಸಲ್ಲದು. ಬಂಡೆಯ ಸಂದಿನಲ್ಲಿ ವರ್ಷಗಟ್ಟಲೆ ಬೆಳೆದ ಹಾವಸೆಯನ್ನು ಕೆರೆದು ತಂದರೆ, ಅಲ್ಲಿ ತೇವ ಹಿಡಿದಿಡುವ ಪದರವೇ ಹೋಗುತ್ತದೆ.

ಯಾವ ನೀರು?

ಈ ಸೀಮೆಯಲ್ಲಿ ಇದು ಮುಖ್ಯವಾದ ಪ್ರಶ್ನೆ. ಪಾವಗಡ ತಾಲ್ಲೂಕಿನ ಹಲವು ಊರುಗಳ ಕೊಳವೆಬಾವಿಗಳಲ್ಲಿ ಫ್ಲೋರೈಡು, ಕುಡಿಯುವ ನೀರಿಗೆ ವಿಧಿಸಿರುವ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿದೆ. ಮಕ್ಕಳ ಹಲ್ಲಿನ ಕಂದುಗೆರೆಗಳಿಗೆ ಅದೇ ಕಾರಣ. ನೀರು ಆವಿಯಾಗುವಾಗ ಅದರೊಡನೆ ಲವಣಗಳು ಹೋಗುವುದಿಲ್ಲ. ಭರಣಿಯ ಮುಚ್ಚಳ ತೆಗೆದಾಗಲೆಲ್ಲ ಆವಿ ಹೊರಹೋಗಿ, ಮತ್ತೆ ಕೊಳವೆಬಾವಿಯ ನೀರು ಹಾಕಿದಾಗಲೆಲ್ಲ ಹೊಸ ಲವಣ ಸೇರುತ್ತದೆ. ಕ್ರಮೇಣ ಮಣ್ಣಿನ ಮೇಲೆ ಬಿಳಿಯ ಪೊರೆ ಕಾಣಿಸಿ, ಎಲೆಗಳ ತುದಿ ಸುಡುತ್ತದೆ. ಕುದಿಸಿದರೂ ಪ್ರಯೋಜನವಿಲ್ಲ, ನೀರು ಕಡಮೆಯಾಗಿ ಫ್ಲೋರೈಡಿನ ಸಾಂದ್ರತೆ ಹೆಚ್ಚುತ್ತದೆ. ಆದ್ದರಿಂದ ಮಳೆಯ ನೀರನ್ನು, ಅದಿಲ್ಲದಾಗ ಊರಿನ ಶುದ್ಧೀಕರಣ ಘಟಕದ ನೀರನ್ನು ಬಳಸಬೇಕು. ಕೊಳವೆಬಾವಿಯ ಉಪ್ಪುನೀರನ್ನೇ ನೆಚ್ಚಿದ ಹೊಲದಲ್ಲಿ ಬಿಳಿಯ ಪೊರೆ ಏಳುವುದೂ ಇದೇ ನಿಯಮದಿಂದ ಎಂಬುದು ಇಲ್ಲಿ ಕಣ್ಣಿಗೆ ಕಾಣುತ್ತದೆ.

ಐದು ಲೀಟರಿನ ಭರಣಿಗೆ ಒಂದು ಸಣ್ಣ ಕಾಫಿ ಲೋಟದಷ್ಟು, ಎಂದರೆ 100ರಿಂದ 150 ಮಿಲಿಲೀಟರು ನೀರನ್ನು ಸ್ವಲ್ಪಸ್ವಲ್ಪವಾಗಿ ಚಿಮುಕಿಸಿದರೆ ಸಾಕು. ಮಣ್ಣನ್ನು ಹಿಡಿಯಲ್ಲಿ ಹಿಂಡಿದರೆ ಉಂಡೆಯಾಗಬೇಕು, ನೀರು ತೊಟ್ಟಿಕ್ಕಬಾರದು.

ಆರೈಕೆ

ಗಾಜೇ ನಿಮಗೆ ಸುದ್ದಿ ಹೇಳುತ್ತದೆ. ಬೆಳಗ್ಗೆ ಒಂದು ಪಕ್ಕದಲ್ಲಿ ಮಂಜು ಕಟ್ಟಿ ಮಧ್ಯಾಹ್ನಕ್ಕೆ ಕರಗಿದರೆ ತೇವವು ಹದವಾಗಿದೆ. ದಿನವಿಡೀ ಹನಿಗಳು ಸುರಿಯುತ್ತಿದ್ದರೆ ಕೆಲವು ಗಂಟೆಗಳ ಕಾಲ ಮುಚ್ಚಳ ತೆಗೆದಿಡಿ. ಎರಡು ಮೂರು ದಿನ ಮಂಜೇ ಕಾಣದಿದ್ದರೆ ಎರಡು ಚಮಚ ನೀರು ಕೊಡಿ. ಬಿಸಿಲಿನಲ್ಲಿ ಮಾತ್ರ ಇಡಕೂಡದು. ಬೆಳಕು ಗಾಜನ್ನು ದಾಟಿ ಒಳಬಂದು ಶಾಖವಾಗುತ್ತದೆ. ಆ ಶಾಖವು ಸುಲಭವಾಗಿ ಹೊರಹೋಗದು. ಏಪ್ರಿಲಿನ ಬಿಸಿಲಿನಲ್ಲಿ ಕೆಲವೇ ಗಂಟೆಗಳಲ್ಲಿ ಗಿಡಗಳು ಬೆಂದುಹೋಗುತ್ತವೆ. ತೊಟ್ಟಿಮನೆಯ ಜಗಲಿ, ಉತ್ತರದ ಕಿಟಕಿ ಇವೇ ತಕ್ಕ ಸ್ಥಳಗಳು. ಕೊಳೆತ ಎಲೆಯಲ್ಲಿ ಬೂಷ್ಟು ಕಂಡರೆ ಕೂಡಲೆ ತೆಗೆಯಿರಿ. ಗಾಜನ್ನು ಮುಟ್ಟುವ ಚಿಗುರನ್ನು ಕತ್ತರಿಸಿರಿ. ಭರಣಿಯ ತೋಟಗಳಲ್ಲಿ ಬಾಯಾರಿ ಸಾಯುವುವು ವಿರಳ. ಬಹುಪಾಲು ಸಾಯುವುದು ಅತಿಯಾದ ಉಪಚಾರದಿಂದಲೇ.

ತಕ್ಕಡಿಯ ಸಾಕ್ಷ್ಯ

ಶಾಲೆಯಲ್ಲಿ ಮಾಡಬಹುದಾದ ಒಂದು ಪ್ರಯೋಗವನ್ನು ಸೂಚಿಸುತ್ತೇವೆ. ಒಂದೇ ಅಳತೆಯ ಎರಡು ಭರಣಿಗಳಲ್ಲಿ ಒಂದೇ ಬಗೆಯ ಮಣ್ಣು, ಗಿಡ, ನೀರು ಇರಲಿ. ಒಂದನ್ನು ಬಿಗಿಯಾಗಿ ಮುಚ್ಚಿ, ಇನ್ನೊಂದನ್ನು ತೆರೆದಿಡಿ. ಪ್ರತಿ ಸೋಮವಾರ ಎರಡನ್ನೂ ತಕ್ಕಡಿಯಲ್ಲಿಟ್ಟು ತೂಗಿ ಬರೆದಿಡಿ. ತೆರೆದ ಭರಣಿಯ ತೂಕ ಇಳಿಯುತ್ತ ಹೋಗುವುದು. ಮುಚ್ಚಿದ್ದರಲ್ಲಿ ಗಿಡ ಬೆಳೆದರೂ ತೂಕ ಬದಲಾಗದು: ಗಾಳಿಯಲ್ಲಿದ್ದುದೂ ಮಣ್ಣಿನಲ್ಲಿದ್ದುದೂ ಎಲೆಯಾಗಿದೆಯೇ ಹೊರತು ಹೊರಗಿನಿಂದ ಏನೂ ಬಂದಿಲ್ಲ. ಎರಡು ತೂಕಗಳ ನಡುವಿನ ಅಂತರವು ಬಯಲಿನ ಗಾಳಿ ಒಯ್ದ ನೀರಿನ ಲೆಕ್ಕ. ಮುಂಗಾರಿನಲ್ಲಿ ತೊಡಗಿ ಯುಗಾದಿಯವರೆಗೆ ಬರೆದರೆ, ಯಾವ ತಿಂಗಳಲ್ಲಿ ನಮ್ಮ ನೆಲ ಎಷ್ಟು ಬೇಗ ಒಣಗುತ್ತದೆಂಬುದು ಆ ನೋಟ್‌ಪುಸ್ತಕದಲ್ಲಿಯೇ ದೊರೆಯುವುದು.