ಕಳೆದ ವರ್ಷದ ಹಸಿ, ಬರುವ ವರ್ಷದ ಬೆಳೆ

ದೇವಮಾತೆ ಮರಿಯಮ್ಮನವರ ಮಹೋತ್ಸವ – ಜನವರಿ 1
ವಾಚನಗಳು: ಸಂಖ್ಯಾಕಾಂಡ 6:22-27, ಗಲಾತ್ಯರಿಗೆ 4:4-7, ಲೂಕ 2:16-21



ಡಿಸೆಂಬರ್ ಕೊನೆಯ ವಾರದಲ್ಲಿ ರೋಣದಿಂದ ನರಗುಂದದ ಕಡೆಗೆ ಹೊರಟರೆ ಎರೆ ಹೊಲಗಳಲ್ಲಿ ಬಿಳಿಜೋಳ, ಕಡಲೆ, ಕುಸುಬೆ ನಿಂತಿರುತ್ತವೆ. ಮಳೆ ನಿಂತು ಎಷ್ಟೋ ವಾರಗಳಾಗಿರುತ್ತವೆ. ಈ ಸೀಮೆಗೆ ವರ್ಷವಿಡೀ ಬೀಳುವುದೇ ಸರಾಸರಿ 600 ಮಿಲಿಮೀಟರ್ ಆಸುಪಾಸಿನ ಮಳೆ. ಕಾಲುವೆ ನೀರು ಮುಟ್ಟದ ಹೊಲವೂ ಹಸಿರಾಗಿರುವುದು ಹೇಗೆ? ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ ಬಿದ್ದ ಮಳೆಯನ್ನು ಕರಿಮಣ್ಣು ತನ್ನ ಒಡಲಲ್ಲಿ ಹಿಡಿದಿಟ್ಟುಕೊಂಡಿರುತ್ತದೆ. ಆ ಹಸಿಯನ್ನೇ ಕುಡಿದು ಹಿಂಗಾರಿ ಬೆಳೆ ತೆನೆ ಕಟ್ಟುತ್ತದೆ.

ಹೊಸ ವರ್ಷದ ಹೊಸ್ತಿಲಲ್ಲಿ ನಿಂತಿರುವ ನಮಗೆ ಇದೊಂದು ಪಾಠ. ಬರುವ ವರ್ಷ ನಾವು ಬೆಳೆಯಲು ಬೇಕಾದ ಕೃಪೆಯ ಹಸಿಯನ್ನು ದೇವರು ಕಳೆದ ವರ್ಷವೇ ನಮ್ಮೊಳಗೆ ಇಳಿಸಿದ್ದಾರೆ. ಹಿಂದಿರುಗಿ ನೋಡದವರಿಗೆ ಅದು ಇದ್ದೂ ಇಲ್ಲದಂತೆ.

ಮರಿಯಮ್ಮನವರ ನೆನಪು

ಇಂದಿನ ಶುಭಸಂದೇಶದಲ್ಲಿ ಕುರುಬರು ಅವಸರದಿಂದ ಬಂದರು, ಕಂಡದ್ದನ್ನು ಹೇಳಿದರು, ಕೇಳಿದವರು ಬೆರಗಾದರು. ಆದರೆ ಮರಿಯಮ್ಮನವರು ನಡೆದುದೆಲ್ಲವನ್ನೂ ಹೃದಯದಲ್ಲಿಟ್ಟುಕೊಂಡು ಧ್ಯಾನಿಸಿದರು ಎನ್ನುತ್ತಾರೆ ಸಂತ ಲೂಕರು. ಆ ಒಂದು ವರ್ಷದಲ್ಲಿ ಆ ತಾಯಿ ಏನೇನು ಕಂಡಿದ್ದರು! ದೇವದೂತನ ವಾರ್ತೆ, ಎಲಿಜಬೇತಮ್ಮನ ಮನೆಯ ಸಂಭ್ರಮ ಒಂದು ಕಡೆ. ಜೋಸೆಫರ ಕಳವಳ, ಜನಗಣತಿಯ ದೂರದ ಪಯಣ, ಛತ್ರದಲ್ಲಿ ಸಿಗದ ಸ್ಥಳ, ದನದ ಗೋದಲಿ ಇನ್ನೊಂದು ಕಡೆ. ಸಿಹಿಯನ್ನು ಮಾತ್ರ ಇಟ್ಟುಕೊಂಡು ಕಹಿಯನ್ನು ಅವರು ಎಸೆಯಲಿಲ್ಲ. ಕಹಿಯನ್ನೇ ಹಿಡಿದುಕೊಂಡು ಸಿಹಿಯನ್ನು ಮರೆಯಲೂ ಇಲ್ಲ.

ನಾವಾದರೋ ವರ್ಷಗಳನ್ನು ಸಂಕಟದ ಹೆಸರಿನಿಂದಲೇ ಗುರುತಿಸುತ್ತೇವೆ. 2019 ಎಂದರೆ ಮಲಪ್ರಭೆ ಉಕ್ಕಿ ಹೊಳೆಆಲೂರು, ಮೆಣಸಗಿ, ಕೊಣ್ಣೂರು ಕಡೆ ನೀರು ನುಗ್ಗಿದ ವರ್ಷ. 2020 ಲಾಕ್‌ಡೌನ್ ವರ್ಷ. 2023 ಬರದ ವರ್ಷ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಈ ನೆನಪು ಸುಳ್ಳಲ್ಲ, ಆದರೆ ಪೂರ್ಣವೂ ಅಲ್ಲ. ಅದೇ ವರ್ಷಗಳಲ್ಲಿ ನಮಗೆ ಬಾಗಿಲು ತೆರೆದವರು ಯಾರು? ರೊಟ್ಟಿ ಬುತ್ತಿ ಕಟ್ಟಿ ಕಳಿಸಿದವರು ಯಾರು? ಉದ್ರಿ ಕೊಟ್ಟು, ತಿಂಗಳುಗಟ್ಟಲೆ ಕೇಳದೆ ಸುಮ್ಮನಿದ್ದ ಅಂಗಡಿಯವರು ಯಾರು? ಅದೂ ಆ ವರ್ಷದ ಮಳೆಯೇ. ಅದನ್ನೂ ನೆನೆದಾಗ ನೆನಪು ಪೂರ್ಣವಾಗುತ್ತದೆ.

ಆತ್ಮದ ಜಮಾ-ಖರ್ಚು

ಲೆಕ್ಕ ಇಡುವುದು ನಮ್ಮ ಜಿಲ್ಲೆಯವರಿಗೆ ಹೊಸದಲ್ಲ. 1905ರಲ್ಲೇ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ ರೈತರ ಸಹಕಾರ ಸಂಘ ಹುಟ್ಟಿತು. ಸಹಕಾರ ಸಂಘವೆಂದರೆ ವರ್ಷಕ್ಕೊಮ್ಮೆ ಸದಸ್ಯರೆಲ್ಲರ ಮುಂದೆ ಜಮಾ-ಖರ್ಚು ಓದಬೇಕು. ಬಾಕಿಯನ್ನು ಮುಚ್ಚಿಟ್ಟ ಸಂಘ ಬಹಳ ದಿನ ಬಾಳದು. ಕುಟುಂಬವೂ ಹಾಗೆಯೇ, ಆತ್ಮವೂ ಹಾಗೆಯೇ.

ಯೇಸುಸಭೆಯ ಸ್ಥಾಪಕರಾದ ಲೊಯೋಲದ ಸಂತ ಇಗ್ನೇಷಿಯಸ್ ಅವರ ‘ಆಧ್ಯಾತ್ಮಿಕ ಸಾಧನೆಗಳು’ ಎಂಬ ಗ್ರಂಥಕ್ಕೆ 1548ರಲ್ಲಿ ಪೋಪ್ ಮೂರನೇ ಪೌಲರು ಅನುಮೋದನೆ ನೀಡಿದರು. ಅದರಲ್ಲಿ ಅವರು ಆತ್ಮಶೋಧನೆಗೆ ಐದು ಮೆಟ್ಟಿಲುಗಳನ್ನು ತೋರಿಸಿದ್ದಾರೆ. ಅವು ದಿನದ ಲೆಕ್ಕಕ್ಕೆಂದು ಹೇಳಿದವು. ವರ್ಷದ ಲೆಕ್ಕಕ್ಕೂ ಒಪ್ಪುತ್ತವೆ.

1. ಪಡೆದ ಒಳಿತಿಗಾಗಿ ದೇವರಿಗೆ ಕೃತಜ್ಞತೆ ಸಲ್ಲಿಸುವುದು.
2. ನಮ್ಮ ತಪ್ಪನ್ನು ತಿಳಿಯುವ ಕೃಪೆ ಬೇಡುವುದು.
3. ನಮ್ಮ ಆಲೋಚನೆ, ಮಾತು, ಕಾರ್ಯಗಳನ್ನು ಪರಿಶೀಲಿಸುವುದು.
4. ಕ್ಷಮೆ ಬೇಡುವುದು.
5. ತಿದ್ದಿಕೊಳ್ಳುವ ನಿರ್ಧಾರ ಮಾಡುವುದು.

ಕ್ರಮವನ್ನು ಗಮನಿಸೋಣ. ಕೃತಜ್ಞತೆ ಮೊದಲು, ತಪ್ಪಿನ ಪಟ್ಟಿ ಆಮೇಲೆ. ತಪ್ಪಿನಿಂದಲೇ ಶುರುಮಾಡಿದವರು ಬೇಗ ಎದೆಗುಂದುತ್ತಾರೆ. ತಮ್ಮ ಮೇಲೆ ಎಷ್ಟು ಪ್ರೀತಿ ಸುರಿದಿದೆ ಎಂದು ತಿಳಿದವರಿಗೆ ತಪ್ಪನ್ನು ನೋಡುವ ಧೈರ್ಯ ಬರುತ್ತದೆ.

ಗುರುಗಳಾದ ನಾವೂ ಈ ಲೆಕ್ಕ ಒಪ್ಪಿಸಲೇಬೇಕು. ಕಳೆದ ವರ್ಷ ಹಾಸಿಗೆ ಹಿಡಿದಿದ್ದ ಅಜ್ಜಿಯೊಬ್ಬರು ಪರಮಪ್ರಸಾದಕ್ಕಾಗಿ ಹೇಳಿಕಳಿಸಿದ್ದರು. ಆ ವಾರ ಸಭೆಗಳಿದ್ದವು. ‘ಮುಂದಿನ ವಾರ ಬರುತ್ತೇವೆ’ ಎಂದೆವು. ಮುಂದಿನ ವಾರ ಹೋದೆವು, ಅವರ ಮಣ್ಣಿಗೆ. ಮನೆಯವರು ನಮಗೆ ಒಂದು ಮಾತೂ ಅನ್ನಲಿಲ್ಲ. ಅನ್ನದೆ ಇದ್ದುದೇ ನಮಗೆ ಹೆಚ್ಚು ಭಾರವಾಯಿತು. ಆ ವರ್ಷ ನಡೆಸಿದ ಕಾರ್ಯಕ್ರಮಗಳ ಪಟ್ಟಿ ಉದ್ದವಾಗಿಯೇ ಇತ್ತು. ಆದರೆ ಆ ಒಂದು ಬಾಕಿಯನ್ನು ಯಾವ ಪಟ್ಟಿಯೂ ತೀರಿಸಲಿಲ್ಲ. ಪಾಪನಿವೇದನೆಯಲ್ಲಿ ಕ್ಷಮೆ ಬೇಡಿದೆವು. ಈ ವರ್ಷಕ್ಕೆ ನಮ್ಮ ನಿರ್ಧಾರ ಒಂದೇ: ಕಾಯಿಲೆಯವರು ಕರೆದ ದಿನವೇ ಹೋಗುವುದು.

ಒಂದೇ ಒಂದು ನಿರ್ಧಾರ

ಹೌದು, ಒಂದೇ ಸಾಕು. ಹತ್ತು ನಿರ್ಧಾರ ಮಾಡಿದವರು ಸಂಕ್ರಾಂತಿಯ ಹೊತ್ತಿಗೆ ಹತ್ತನ್ನೂ ಮರೆತಿರುತ್ತಾರೆ. ಸಂತ ಇಗ್ನೇಷಿಯಸ್ ಕೂಡ ಒಂದು ದೋಷವನ್ನು ಆರಿಸಿಕೊಳ್ಳಲು ಹೇಳಿ, ದಿನದಿನಕ್ಕೂ ಗೆರೆ ಎಳೆದು, ಎಡವಿದಾಗಲೆಲ್ಲ ಅದರ ಮೇಲೆ ಚುಕ್ಕೆ ಇಡುವ ವಿಧಾನ ಕಲಿಸಿದರು. ದಿನವನ್ನು ದಿನಕ್ಕೆ, ವಾರವನ್ನು ವಾರಕ್ಕೆ ಹೋಲಿಸಿದಾಗ ಚುಕ್ಕೆ ಕಡಿಮೆಯಾಯಿತೇ ಎಂಬುದು ಕಣ್ಣಿಗೇ ಕಾಣುತ್ತದೆ. ಅಡುಗೆಮನೆಯ ಗೋಡೆಗೆ ತೂಗುಹಾಕಿದ ಕ್ಯಾಲೆಂಡರ್ ಇದಕ್ಕೆ ಸಾಕು.

ಬದುವಿನ ಜಗಳದಿಂದ ಅಣ್ಣತಮ್ಮಂದಿರ ಮಾತು ನಿಂತಿದೆಯೇ? ಈ ವರ್ಷ ಮೊದಲು ಮಾತನಾಡಿಸುವವರು ನಾವಾಗೋಣ. ಗೋವಾಕ್ಕೆ ದುಡಿಯಲು ಹೋದ ಮಗ ವಾರಕ್ಕೊಮ್ಮೆ ತಾಯಿಗೆ ಫೋನ್ ಮಾಡಲಿ. ಜಪಸರದ ಹೊತ್ತಿಗೆ ಮೊಬೈಲ್ ಕೈಬಿಡದ ಮನೆ ಆ ಅರ್ಧ ಗಂಟೆ ಅದನ್ನು ದೂರ ಇಡಲಿ. ಕುಡಿತಕ್ಕೆ ಸೋತವರು ‘ಇಂದು ಇಲ್ಲ’ ಎಂದು ದಿನಕ್ಕೊಮ್ಮೆ ಹೇಳಿಕೊಳ್ಳಲಿ. ಒಬ್ಬರೇ ಹೋರಾಡದೆ ಮನೆಯವರ, ವೈದ್ಯರ ನೆರವನ್ನೂ ಪಡೆಯಲಿ.

ಬಿರುಕು ಮುಚ್ಚುವ ಕೆಲಸ

ಎರೆ ಹೊಲದ ಇನ್ನೊಂದು ಗುಣವೂ ರೈತರಿಗೆ ಗೊತ್ತು. ಒಣಗುತ್ತ ಬಂದಂತೆ ಅದು ಬಿರಿಯುತ್ತದೆ. ಬಿರುಕಿನಿಂದ ಹಸಿ ಆರಿಹೋಗುತ್ತದೆ, ಬೇರು ಹರಿಯುತ್ತದೆ. ಅದಕ್ಕೇ ರೈತ ಎಡೆಕುಂಟೆ ಹೊಡೆದು ಕಳೆ ತೆಗೆಯುತ್ತಾನೆ, ಮೇಲ್ಮಣ್ಣು ಸಡಿಲಿಸಿ ಬಿರುಕು ಮುಚ್ಚುತ್ತಾನೆ. ಮಳೆ ಬಿತ್ತೆಂದು ಸುಮ್ಮನೆ ಕುಳಿತರೆ ಬೆಳೆ ಬಾರದು.

ಯೇಸುಸ್ವಾಮಿ ಹೇಳಿದ ಅಂಜೂರದ ಮರದ ಸಾಮತಿಯನ್ನು ನೆನೆಯೋಣ (ಲೂಕ 13:6-9). ಮೂರು ವರ್ಷ ಫಲ ಕೊಡದ ಮರವನ್ನು ಕಡಿಯಲು ಯಜಮಾನ ಹೇಳಿದಾಗ ತೋಟಗಾರ ಇನ್ನೊಂದು ವರ್ಷ ಬೇಡಿಕೊಂಡ. ಬರೀ ಸಮಯ ಕೇಳಲಿಲ್ಲ; ಸುತ್ತಲೂ ಅಗೆದು ಗೊಬ್ಬರ ಹಾಕುವುದಾಗಿ ಮಾತುಕೊಟ್ಟ. ನಮಗೆ ಸಿಕ್ಕಿರುವ ಹೊಸ ವರ್ಷ ಅಂಥ ಬೇಡಿಕೆಯಿಂದ ಸಿಕ್ಕ ವರ್ಷ. ನಮಗಾಗಿ ಬೇಡುವ ತೋಟಗಾರ ಕ್ರಿಸ್ತರೇ. ಅವರು ಬುಡ ಅಗೆಯುವಾಗ ನೋವಾಗುತ್ತದೆ. ಅವರ ಕೈಯನ್ನು ತಡೆಯದಿರೋಣ.

ಡಿಸೆಂಬರ್ 31ರ ರಾತ್ರಿ ಪೂಜೆಗೆ ಹೊರಡುವ ಮುನ್ನ ಮನೆಮಂದಿಯೆಲ್ಲ ಕಾಲು ಗಂಟೆ ಒಟ್ಟಿಗೆ ಕುಳಿತುಕೊಳ್ಳಿ. ಪ್ರತಿಯೊಬ್ಬರೂ ಕಳೆದ ವರ್ಷ ಪಡೆದ ಒಂದು ಒಳಿತನ್ನು ಹೇಳಲಿ, ಒಬ್ಬರಲ್ಲಿ ಕ್ಷಮೆ ಕೇಳಲಿ, ಒಂದು ನಿರ್ಧಾರ ಮಾಡಲಿ. ಮಕ್ಕಳ ಮುಂದೆ ತಂದೆತಾಯಿ ಕ್ಷಮೆ ಕೇಳುವುದು ಸಣ್ಣತನವಲ್ಲ. ಮಕ್ಕಳು ಜೀವನವಿಡೀ ನೆನೆಯುವ ಪಾಠ ಅದೇ ಆದೀತು.

ಎಲ್ಲವನ್ನೂ ಹೃದಯದಲ್ಲಿಟ್ಟು ಧ್ಯಾನಿಸಿದ ದೇವಮಾತೆ ನಮ್ಮ ಮನೆಗಳಿಗಾಗಿ ಪ್ರಾರ್ಥಿಸಲಿ. ದೇವರು ನಮ್ಮನ್ನು ಹರಸಿ ಕಾಪಾಡಲಿ, ಅವರ ಶಾಂತಿ ನಮ್ಮ ಹೊಲ-ಮನೆಗಳ ಮೇಲೆ ನೆಲೆಸಲಿ. ಆಮೆನ್.