ಬೇಸಿಗೆ ಕಳೆದ ಮೇಲೆ ಸೀಫ್‌ನ ಹೂದೋಟ

ಯುರೋಪು, ಅಮೆರಿಕದ ಹೂದೋಟಗಳಲ್ಲಿ ಗಿಡಗಳ ಜೀವ ತೆಗೆಯುವುದು ಚಳಿಗಾಲ. ಬಹರೈನ್‌ನಲ್ಲಿ ಆ ಭಯವಿಲ್ಲ. ಅಲ್ಲಿನ ವಿಮಾನ ನಿಲ್ದಾಣದಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 1964ರ ಜನವರಿಯ 2.7 ಡಿಗ್ರಿ. ಈ ದ್ವೀಪದ ಗಿಡಗಳಿಗೆ ಕಷ್ಟಕಾಲವೆಂದರೆ ಜೂನ್‌ನಿಂದ ಸೆಪ್ಟೆಂಬರ್. ಹಗಲು 40 ಡಿಗ್ರಿ ಮುಟ್ಟುತ್ತದೆ, ರಾತ್ರಿಯೂ ಸೆಕೆ ಇಳಿಯುವುದಿಲ್ಲ, ಶಮಾಲ್ ಎಂಬ ವಾಯವ್ಯದ ಗಾಳಿ ಧೂಳು ತಂದು ಎಲೆಗಳ ಮೇಲೆ ಸುರಿಯುತ್ತದೆ. ಶಾಲೆಗೆ ರಜೆ ಬರುವುದೂ ಇದೇ ಹೊತ್ತಿಗೆ. ಊರಿಗೆ ಹೋದ ಕುಟುಂಬಗಳು ಮರಳಿ ಬಂದಾಗ ರಾಜಧಾನಿ ಮನಾಮದ ಸೀಫ್ ಬಡಾವಣೆಯ ವಿಲ್ಲಾಗಳ ಅಂಗಳದಲ್ಲಿ ದಾಸವಾಳ ಬರಿಯ ಕಡ್ಡಿಯಾಗಿರುತ್ತದೆ, ಕೇಪಳ ಕಂದಿರುತ್ತದೆ, ಕರಿಬೇವು ಎಲೆ ಉದುರಿಸಿ ನಿಂತಿರುತ್ತದೆ.

ಹೊಸ ಗಿಡ ತಂದು ನೆಡಲು ಅವಸರವಾಗುವುದು ಸಹಜ. ಆದರೆ ಹಳೆಯ ಗಿಡ ಏಕೆ ಹೋಯಿತೆಂದು ತಿಳಿಯದೆ ಅದೇ ಗುಂಡಿಗೆ ಇನ್ನೊಂದನ್ನು ಇಟ್ಟರೆ, ಮುಂದಿನ ಬೇಸಿಗೆಗೆ ಅದಕ್ಕೂ ಅದೇ ಗತಿ.

ಮೊದಲು ಉಗುರಿನ ಪರೀಕ್ಷೆ

ಎಲೆ ಇಲ್ಲದ ಗಿಡವೆಲ್ಲ ಸತ್ತ ಗಿಡವಲ್ಲ. ಕೊಂಬೆಯ ತುದಿಯಲ್ಲಿ ತೊಗಟೆಯನ್ನು ಉಗುರಿನಿಂದ ಮೆಲ್ಲಗೆ ಕೆರೆದು ನೋಡಬೇಕು. ಅಡಿಯಲ್ಲಿ ಹಸಿರು, ತೇವ ಕಂಡರೆ ಕೊಂಬೆಗೆ ಜೀವವಿದೆ. ಕಂದಾಗಿ ಒಣಗಿದ್ದರೆ ಒಂದು ಗೇಣು ಕೆಳಗೆ, ಮತ್ತೊಂದು ಗೇಣು ಕೆಳಗೆ ಕೆರೆಯುತ್ತ ಬುಡದವರೆಗೂ ಬರಬೇಕು. ಹಸಿರು ಸಿಕ್ಕ ಕಡೆಯಿಂದ ತುಸು ಮೇಲೆ ಕತ್ತರಿಸಿ, ನೀರು ಕೊಟ್ಟು, ಕೆಲವು ವಾರ ಕಾದರೆ ಚಿಗುರು ಬರಬಹುದು. ಕಣಗಿಲೆ, ಬೋಗನ್‌ವಿಲ್ಲಾದಂಥವು ಮೇಲೆಲ್ಲ ಒಣಗಿದರೂ ಬುಡದಿಂದ ಮತ್ತೆ ಹೊಡೆಯುತ್ತವೆ. 2021ರ ಫೆಬ್ರವರಿಯ ಹಿಮಗಾಳಿಗೆ ಅಮೆರಿಕದ ಟೆಕ್ಸಾಸ್‌ನಲ್ಲಿ ಕಣಗಿಲೆ ಗಿಡಗಳು ಸಾಲುಸಾಲಾಗಿ ಸುಟ್ಟಂತಾಗಿದ್ದವು. ಕೀಳದೆ ಬಿಟ್ಟ ಕಡೆ ಎಷ್ಟೋ ಗಿಡಗಳು ಬೇರಿನಿಂದಲೇ ಚಿಗುರಿದವು.

ಸಮುದ್ರ ತುಂಬಿಸಿದ ನೆಲ

ಸೀಫ್‌ನ ಗಿಡ ಬಿಸಿಲಿಗಿಂತ ಹೆಚ್ಚಾಗಿ ಉಪ್ಪಿಗೆ ಸೋಲುತ್ತದೆ. 2008ರಲ್ಲಿ ತೆರೆದ ಸಿಟಿ ಸೆಂಟರ್ ಮಾಲ್, ಎತ್ತರದ ಕಚೇರಿಗಳು, ವಿಲ್ಲಾಗಳೆಲ್ಲ ನಿಂತಿರುವ ಈ ಬಡಾವಣೆಯನ್ನು ಮನಾಮದ ಪಶ್ಚಿಮದ ಆಳವಿಲ್ಲದ ಸಮುದ್ರವನ್ನು ಮರಳಿನಿಂದ ತುಂಬಿಸಿ ಕಟ್ಟಲಾಗಿದೆ. ಸುತ್ತಲಿನ ಕೊಲ್ಲಿಯ ನೀರಿನಲ್ಲಿ ಲೀಟರಿಗೆ 40 ಗ್ರಾಂಗಿಂತ ಹೆಚ್ಚು ಉಪ್ಪಿದೆ. ಜಗತ್ತಿನ ಸಾಗರಗಳ ಸರಾಸರಿ 35 ಗ್ರಾಂ. ಮಳೆಯೋ ವರ್ಷಕ್ಕೆ 100 ಮಿಲಿಮೀಟರ್ ಕೂಡ ಬೀಳದು. ಉಡುಪಿ, ಮಂಗಳೂರಿನಲ್ಲಿ ಮಳೆಗಾಲವೇ ಮಣ್ಣನ್ನು ತೊಳೆದುಕೊಡುತ್ತದೆ. ಇಲ್ಲಿ ಆ ಕೆಲಸವನ್ನು ಮನೆಯವರೇ ಮಾಡಬೇಕು.

ದಿನಾ ಸಂಜೆ ಮೇಲುಮೇಲೆ ಚಿಮುಕಿಸುವ ನೀರು ಉಪಕಾರಕ್ಕಿಂತ ಅಪಕಾರವನ್ನೇ ಮಾಡುತ್ತದೆ. ನೀರು ಆವಿಯಾಗುತ್ತದೆ, ಅದರೊಳಗಿನ ಉಪ್ಪು ಬೇರಿನ ಹತ್ತಿರವೇ ಉಳಿಯುತ್ತದೆ. ಮಣ್ಣಿನ ಮೇಲೆ ಬಿಳಿ ಪೊರೆ, ಎಲೆಯ ಅಂಚಿನಲ್ಲಿ ಮಾತ್ರ ಸುಟ್ಟ ಕಂದು ಗೆರೆ ಕಂಡರೆ ಇದೇ ಕಾರಣವಿರಬಹುದೆಂದು ಮೊದಲು ಅನುಮಾನಿಸಬೇಕು. ಕೇಪಳದ ಕಥೆ ಇನ್ನೊಂದು ಬಗೆಯದು. ಅದರ ಎಳೆಯ ಎಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿದರೆ ಅದು ಕಬ್ಬಿಣದ ಕೊರತೆ. ಮಣ್ಣಿನಲ್ಲಿ ಕಬ್ಬಿಣವಿದ್ದರೂ ಚಿಪ್ಪು, ಸುಣ್ಣ ತುಂಬಿದ ಈ ನೆಲ ಅದನ್ನು ಬೇರಿಗೆ ಬಿಟ್ಟುಕೊಡುವುದಿಲ್ಲ. ಎಷ್ಟು ಗೊಬ್ಬರ ಸುರಿದರೂ ಆ ಹಳದಿ ಹೋಗದು; ಕ್ಷಾರದ ಮಣ್ಣಿಗೆಂದೇ ಮಾಡಿದ ಕೀಲೇಟೆಡ್ ಕಬ್ಬಿಣ ಬೇಕು, ಇಲ್ಲವೇ ಗಿಡವನ್ನು ಕುಂಡದಲ್ಲಿ ಬೆಳೆಸಬೇಕು.

ಹೊಸ ಗಿಡ ತರುವ ಮುನ್ನ ಗುಂಡಿಯನ್ನು ಅಗಲವಾಗಿ ತೋಡಿ, ಹಳೆಯ ಬೇರು ತೆಗೆದು, ಅಂಚಿನವರೆಗೆ ನೀರು ತುಂಬಿಸಬೇಕು. ಕೆಲವು ಗಂಟೆಗಳಲ್ಲಿ ನೀರು ಇಂಗಿದರೆ ಮತ್ತೆರಡು ಸಲ ತುಂಬಿಸಿದಾಗ ಉಪ್ಪು ಕೆಳಗಿಳಿಯುತ್ತದೆ. ಮರುದಿನವೂ ನೀರು ನಿಂತಿದ್ದರೆ ಕೆಳಗೆ ಗಟ್ಟಿ ಪದರವಿದೆ ಅಥವಾ ಉಪ್ಪುನೀರು ಹತ್ತಿರದಲ್ಲೇ ಇದೆ ಎಂದರ್ಥ. ಅಂಥ ಕಡೆ ಗುಂಡಿಯ ಆಸೆ ಬಿಟ್ಟು, ಒಂದೂವರೆ ಅಡಿ ಎತ್ತರಕ್ಕೆ ಕಟ್ಟೆ ಕಟ್ಟಿ ಒಳಗೆ ಸ್ವೀಟ್ ಸಾಯಿಲ್ ತುಂಬಿಸುವುದು ಮೇಲು. ಉಪ್ಪು ಕಡಿಮೆಯಿರುವ, ಹೊರಗಿನಿಂದ ತರಿಸಿದ ಮಣ್ಣಿಗೆ ಕೊಲ್ಲಿಯಲ್ಲಿ ಎಲ್ಲರೂ ಹೇಳುವ ಹೆಸರು ಅದು.

ಇಂಥದೇ ನೆಲದಲ್ಲಿ ಒಂದು ಇಡೀ ಊರು ಮತ್ತೆ ಹಸಿರಾದ ಉದಾಹರಣೆಯಿದೆ. 1900ರ ಚಂಡಮಾರುತದ ನಂತರ ಟೆಕ್ಸಾಸ್‌ನ ಗ್ಯಾಲ್ವೆಸ್ಟನ್ ದ್ವೀಪವನ್ನು ಸಮುದ್ರದ ಮರಳು ಸುರಿದು ಎತ್ತರಿಸಿದರು. ಮರಗಿಡಗಳೆಲ್ಲ ಹೂತುಹೋದವು. ಊರಿನ ಮಹಿಳೆಯರ ಸಂಘ ಮರುನಾಟಿಗೆ ಇಳಿದಾಗ ಉಪ್ಪು ತಾಳುವ ಕಣಗಿಲೆ ಅವರ ಕೈಹಿಡಿಯಿತು.

ಯಾವ ಗಿಡ, ಯಾವ ಜಾಗ

ಸೀಫ್‌ನಲ್ಲೂ ಬಿಸಿಲು ಬೀಳುವ ಪಶ್ಚಿಮದ ಬದಿಗೆ ಕಣಗಿಲೆ, ಬೋಗನ್‌ವಿಲ್ಲಾ, ಗೋರಂಟಿ ಒಪ್ಪುತ್ತವೆ. ಕಣಗಿಲೆಯ ಎಲೆ, ಹೂ, ಕಾಂಡ ಎಲ್ಲವೂ ವಿಷ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಅದನ್ನು ಬಿಡುವುದೇ ಕ್ಷೇಮ. ಬೇಲಿಗೆಂದು ಕೊಲ್ಲಿಯ ಎಲ್ಲೆಡೆ ನೆಟ್ಟಿರುವ ಕೊನೊಕಾರ್ಪಸ್ ಬೇಗ ಬೆಳೆಯುತ್ತದೆ, ಆದರೆ ಅದರ ಬೇರು ನೀರು ಹುಡುಕಿಕೊಂಡು ಕೊಳವೆಗಳಿಗೆ ನುಗ್ಗುತ್ತದೆ. ಗುಜರಾತ್ ಸರ್ಕಾರ 2023ರಲ್ಲಿ ಅದರ ನಾಟಿಯನ್ನು ನಿಷೇಧಿಸಿತು. ಕಿರಿದಾದ ಅಂಗಳಕ್ಕೆ ಅದು ಬೇಡ.

ದಾಸವಾಳ, ಕರಿಬೇವುಗಳಿಗೆ ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನ ಗೋಡೆಯ ನೆರಳು ಸಿಗುವ ಪೂರ್ವದ ಬದಿಯೇ ಸರಿ. ಮಲ್ಲಿಗೆಯ ಆಸೆಯನ್ನಂತೂ ಬಿಡಬೇಕಿಲ್ಲ. ಬಹರೈನ್‌ನ ಜನ ಪ್ರೀತಿಯಿಂದ ಬೆಳೆಸುವ ರಾಝ್ಕಿ ಹೂವೂ, ಭೌಗೋಳಿಕ ಮಾನ್ಯತೆ ಪಡೆದ ಉಡುಪಿ ಮಲ್ಲಿಗೆಯೂ ಸಸ್ಯಶಾಸ್ತ್ರದ ಲೆಕ್ಕದಲ್ಲಿ ಒಂದೇ ಜಾತಿ. ಇಲ್ಲಿನ ನರ್ಸರಿಯಲ್ಲಿ ಬೆಳೆದ ರಾಝ್ಕಿ ಗಿಡ ಈ ಹವೆಗೆ ಒಗ್ಗಿರುತ್ತದೆ. ಸೀಫ್‌ನಿಂದ ಪಶ್ಚಿಮಕ್ಕೆ ಸಾಗುವ ಬುದಯ್ಯ ರಸ್ತೆಯ ಉದ್ದಕ್ಕೂ ನರ್ಸರಿಗಳಿವೆ. ಅಲ್ಲಿ ಎಸಿ ಕೋಣೆಯ ಗಿಡಕ್ಕಿಂತ ಬಯಲಲ್ಲಿ ಬೇಸಿಗೆ ಕಳೆದ ಗಿಡವನ್ನು ಕೇಳಿ ಕೊಳ್ಳಬೇಕು.

ನೆಡುವ ಹೊತ್ತು

ಅಕ್ಟೋಬರ್ ಕೊನೆಯಿಂದ ಡಿಸೆಂಬರ್‌ವರೆಗೆ ನೆಟ್ಟ ಗಿಡಕ್ಕೆ ಬೇರು ಬಿಡಲು ಐದಾರು ತಿಂಗಳು ಸಿಗುತ್ತದೆ. ವಸಂತದ ಉದ್ಯಾನ ಪ್ರದರ್ಶನದಲ್ಲಿ ಹೂ ತುಂಬಿದ ಗಿಡ ನೋಡಿ ಮಾರ್ಚ್‌ನಲ್ಲಿ ತಂದರೆ ಬೇರು ಹರಡುವ ಮೊದಲೇ ಸೆಕೆ ಬಂದಿರುತ್ತದೆ. ಅದನ್ನು ಮುಂದಿನ ಅಕ್ಟೋಬರ್‌ವರೆಗೆ ಕುಂಡದಲ್ಲೇ ಇಡುವುದು ಒಳ್ಳೆಯದು. ದಿನಾ ಸ್ವಲ್ಪಸ್ವಲ್ಪ ಕೊಡುವ ಬದಲು ಬಿಟ್ಟುಬಿಟ್ಟು ಆಳಕ್ಕೆ ನೀರು ಕೊಟ್ಟರೆ ಬೇರು ಕೆಳಗಿಳಿಯುತ್ತದೆ. ಆಳದ ಬೇರಿನ ಬಲವೇನೆಂದು ದ್ವೀಪದ ದಕ್ಷಿಣದ ಮರಳುಗಾಡಿನಲ್ಲಿ ಸುಮಾರು 400 ವರ್ಷಗಳಿಂದ ಒಂಟಿಯಾಗಿ ನಿಂತಿರುವ 'ಜೀವವೃಕ್ಷ' ತೋರಿಸುತ್ತದೆ. ಅದು ನಾವು ದಸರೆಗೆ ಪೂಜಿಸುವ ಬನ್ನಿ.

ಮೊದಲ ಬೇಸಿಗೆಗೆ ತಯಾರಿ ಮೇ ತಿಂಗಳಲ್ಲೇ ಆಗಬೇಕು. ಬುಡದ ಸುತ್ತ ಮೂರು ಬೆರಳು ದಪ್ಪ ಒಣ ಎಲೆಯೋ ಖರ್ಜೂರದ ಗರಿಯ ಚೂರೋ ಹಾಸಿ, ಕಾಂಡಕ್ಕೆ ತಾಗದಂತೆ ಬಿಡಬೇಕು. ಪಶ್ಚಿಮಕ್ಕೆ ನೆರಳುಬಲೆ ಕಟ್ಟಬೇಕು. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12ರಿಂದ 4ರ ನಡುವೆ ಬಯಲಿನಲ್ಲಿ ಕೆಲಸ ಮಾಡಿಸುವುದನ್ನು ಬಹರೈನ್‌ನ ಕಾನೂನು ತಡೆಯುತ್ತದೆ; ತೋಟದ ಕೆಲಸದವರಿಗೆ ನಸುಕಿನಲ್ಲೇ ನೀರು ಹಾಕಲು ಹೇಳಿದರೆ ಅವರ ಮೈಗೂ ಒಳಿತು, ಗಿಡಕ್ಕೂ ಒಳಿತು. ರಜೆಗೆ ಊರಿಗೆ ಹೊರಡುವವರು ಹನಿ ನೀರಾವರಿಗೆ ಟೈಮರ್ ಹಾಕಿ, ಒಂದು ವಾರ ಮೊದಲೇ ಅದನ್ನು ಓಡಿಸಿ ನೋಡಿ, ಕುಂಡಗಳನ್ನೆಲ್ಲ ಉತ್ತರದ ಗೋಡೆಯ ನೆರಳಿಗೆ ಒಟ್ಟಾಗಿ ಸೇರಿಸಿ, ಬೀಗದ ಕೈಯನ್ನು ಪಕ್ಕದ ಮನೆಯವರ ಬಳಿ ಕೊಟ್ಟು ಹೋಗಬೇಕು.