ಮದ್ದೂರು ವಡೆ ನಾಯಿಗೆ ಏಕೆ ಬೇಡ?

ನಮ್ಮ ನಾಯಿ ರಾಗಿಮುದ್ದೆ ತಿಂದು ಗಟ್ಟಿಮುಟ್ಟಾಗಿದೆ. ಮದ್ದೂರು ವಡೆ ಮಾತ್ರ ಹಾಕಬೇಡಿ ಅನ್ನುತ್ತಾರಲ್ಲ, ಏಕೆ?

ವಡೆಯಲ್ಲಿ ಧಾರಾಳವಾಗಿರುವ ಈರುಳ್ಳಿಯೇ ಕಾರಣ. ಈರುಳ್ಳಿ ಜೀರ್ಣವಾದಾಗ ಅದರ ಗಂಧಕದ ಸಂಯುಕ್ತಗಳು ನಾಯಿಯ ರಕ್ತ ಸೇರುತ್ತವೆ. ಮಳೆಗೆ ಬಿಟ್ಟ ಕುಡುಗೋಲನ್ನು ತುಕ್ಕು ತಿನ್ನುವಂತೆ, ಅವು ಕೆಂಪು ರಕ್ತಕಣಗಳ ಹಿಮೋಗ್ಲೋಬಿನ್ ಕೆಡಿಸುತ್ತವೆ. ಕೆಟ್ಟ ಕಣಗಳು ಒಡೆದು ರಕ್ತಹೀನತೆ ಬರುತ್ತದೆ. ಎಣ್ಣೆಯಲ್ಲಿ ಕರಿದರೂ ಈ ವಿಷ ಹೋಗದು. ಲಕ್ಷಣ ಕಾಣುವುದು ಸಾಮಾನ್ಯವಾಗಿ ಕೆಲವು ದಿನ ಕಳೆದ ಮೇಲೆ: ನಾಯಿ ಸೊರಗುತ್ತದೆ, ಒಸಡು ಬಿಳಿಚಿಕೊಳ್ಳುತ್ತದೆ, ಮೂತ್ರ ಕಂದುಗೆಂಪಾಗುತ್ತದೆ. ಹೆಚ್ಚು ತಿಂದಿದ್ದರೆ ಅಲ್ಲಿಯವರೆಗೆ ಕಾಯದೆ ಪಶುವೈದ್ಯರಿಗೆ ತೋರಿಸಿ.

ಮುದ್ದೆ ಸಪ್ಪೆಯಾಗಿಯೇ ಇರಲಿ. ಬಸ್ಸಾರಿನಲ್ಲೂ ಈರುಳ್ಳಿ, ಬೆಳ್ಳುಳ್ಳಿ ಇರುತ್ತವೆ. ಅನ್ನ, ಬೇಯಿಸಿದ ಮೊಟ್ಟೆ ಕೊಡಬಹುದು. ದ್ರಾಕ್ಷಿ, ಚಾಕೊಲೇಟ್ ಖಂಡಿತ ಬೇಡ.